ಸೀಟಿ ಹೊಡೆಯದ ಕುಕ್ಕರ್

ಬಂದರಿನ ಪಕ್ಕದ ರಿಪೇರಿ ಅಂಗಡಿಯಲ್ಲಿ ಫೋನ್ ಎತ್ತುವ ಕೆಲಸ ಆಕೆಯದು. ಮೆಕ್ಯಾನಿಕ್‌ಗಳ ಬಾಯಲ್ಲಿ ಆಕೆ ಫೋನಕ್ಕ. ಫ್ರಿಜ್ಜು, ವಾಷಿಂಗ್ ಮಷೀನು, ಇಸ್ತ್ರಿಪೆಟ್ಟಿಗೆ, ಯಾವುದು ಕೈಕೊಟ್ಟರೂ ಜನರ ಗೋಳು ಮೊದಲು ಬೀಳುತ್ತಿದ್ದುದು ಅವಳ ಕಿವಿಗೆ.

ಆ ಊರಿನಲ್ಲಿ ಹತ್ತು ದೇಶಗಳ ಜನ. ಎಲ್ಲರೂ ಆಡುವುದು ಇಂಗ್ಲಿಷೇ, ಆದರೆ ಒಬ್ಬರ ಇಂಗ್ಲಿಷ್ ಇನ್ನೊಬ್ಬರಿಗೆ ತಲೆಬುಡ ತಿಳಿಯದು. ಮದುವೆಯಾಗಿ ಇಂಡಿಯಾದಿಂದ ಬಂದ ಹೊಸತರಲ್ಲಿ ಆಕೆಯೇ ಒಂದು ಅಂಗಡಿಗೆ ಹೋಗಿ, ಸ್ನಾನದ ಮನೆಗೆ ಗೀಸರ್ ಬೇಕು ಎಂದಿದ್ದಳು. ಅಂಗಡಿಯವನು ಕಕ್ಕಾಬಿಕ್ಕಿ. ಅವನ ಪಾಲಿಗೆ ಗೀಸರ್ ಎಂದರೆ ನೆಲ ಸೀಳಿ ಚಿಮ್ಮುವ ಬಿಸಿನೀರಿನ ಬುಗ್ಗೆ! ಮನೆಗೆ ಬಂದು ಗಂಡನೆದುರು ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದಳು. ಆಮೇಲೆ ಯಾರ ಮಾತನ್ನೂ ತಪ್ಪು ಎಂದವಳಲ್ಲ. "ಅದರಲ್ಲಿ ನೀವು ಏನು ಮಾಡ್ತೀರಿ?" ಎಂದು ಕೇಳುವುದು ಅವಳ ರೂಢಿ. ವಿಳಾಸ ಬರೆದುಕೊಂಡ ಮೇಲೆ ಅದೇ ಮೊದಲ ಪ್ರಶ್ನೆ.

ಒಂದು ಮಧ್ಯಾಹ್ನ ಒಬ್ಬ ಅಜ್ಜಿ ಫೋನ್ ಮಾಡಿದರು. "ನನ್ನ ಕುಕ್ಕರ್ ಯಾಕೋ ವಾಸನೆ ಹೊಡೀತಿದೆ ಮಗಳೇ. ತಲೆಸುತ್ತು ಬೇರೆ."

ಪಕ್ಕದಲ್ಲಿ ಬ್ರೆಡ್ಡು ತಿನ್ನುತ್ತಿದ್ದ ಮೆಕ್ಯಾನಿಕ್‌ಗೆ ಅದು ಕೇಳಿಸಿತು. "ತಳ ಹತ್ತಿರ್ಬೇಕು ಅಕ್ಕಾ, ಚೆನ್ನಾಗಿ ತಿಕ್ಕೋಕೆ ಹೇಳಿ," ಎಂದು ನಕ್ಕ.

ಫೋನಕ್ಕ ನಗಲಿಲ್ಲ. "ಅಮ್ಮಾ, ಅದು ಸೀಟಿ ಹೊಡೆಯುತ್ತಾ?"

"ಸೀಟೀನಾ? ಕುಕ್ಕರ್ ಯಾಕಮ್ಮ ಸೀಟಿ ಹೊಡೆಯುತ್ತೆ? ಮೇಲೆ ನಾಲ್ಕು ಬರ್ನರ್ ಇದೆ, ಕೆಳಗೆ ಓವನ್ನು."

ಅವಳು ಧಡಕ್ಕನೆ ಎದ್ದು ನಿಂತಳು. ಅಜ್ಜಿಯ ಇಂಗ್ಲಿಷಿನಲ್ಲಿ ಕುಕ್ಕರ್ ಎಂದರೆ ಗ್ಯಾಸಿನ ಒಲೆ!

"ಅಮ್ಮಾ, ಯಾವ ಸ್ವಿಚ್ಚೂ ಮುಟ್ಬೇಡಿ. ಬಾಗಿಲು ತೆರೆದಿಟ್ಟು ಈಗಲೇ ಹೊರಗೆ ಹೋಗಿ."

"ತಾಳು, ಚಪ್ಪಲಿ ಎಲ್ಲಿಟ್ಟೆ ನೋಡ್ತೀನಿ..."

"ಬರಿಗಾಲಲ್ಲೇ ಹೋಗಿ ಅಮ್ಮಾ, ಹೋಗಿ!"

ಅವಳು ಕೂಡಲೇ ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ ವಿಳಾಸ ಹೇಳಿದಳು. ಮೆಕ್ಯಾನಿಕ್ ತಿನ್ನುತ್ತಿದ್ದ ಬ್ರೆಡ್ಡು ಅಲ್ಲೇ ಬಿಟ್ಟು ಓಡಿದ. ಸ್ವಲ್ಪ ಹೊತ್ತಿಗೆ ಅವನದೇ ಫೋನ್ ಬಂತು.

"ಅಕ್ಕಾ, ಒಲೆ ಹಿಂದಿನ ಪೈಪು ಸೀಳಿಹೋಗಿತ್ತು. ಗ್ಯಾಸ್ ಬಂದ್ ಮಾಡಿದ್ದಾರೆ. ಅಜ್ಜಿ ಪಕ್ಕದ ಮನೆ ಮೆಟ್ಟಿಲ ಮೇಲೆ ಕೂತಿದ್ದಾರೆ, ಚೆನ್ನಾಗಿದ್ದಾರೆ. ನಾನು ನೋಡಿ, ತಿಕ್ಕೋಕೆ ಹೇಳಿ ಅಂದ್ಬಿಟ್ಟೆ..."

"ಇರ್ಲಿ ಬಿಡೋ. ಅವರಿಗೊಂದು ಲೋಟ ನೀರು ಕೊಡ್ಸು ಮೊದ್ಲು."

ಫೋನ್ ಇಟ್ಟು ಅವಳು ಕುರ್ಚಿಗೆ ಒರಗಿದಳು. ಅಂಗಡಿ ಯಜಮಾನರು ತಾವೇ ಚಹಾ ತಂದಿಟ್ಟು, "ಇವತ್ತಿಗೆ ಸಾಕಮ್ಮ, ಮನೆಗೆ ಹೋಗು," ಎಂದರು. ಅವಳು ಎರಡು ಗುಟುಕು ಕುಡಿದಳು, ಸೆರಗಿನಿಂದ ಮುಖ ಒರೆಸಿಕೊಂಡಳು. ಅಷ್ಟರಲ್ಲಿ ಮತ್ತೆ ಫೋನ್ ಹೊಡೆದುಕೊಂಡಿತು. ಅವಳು ಎತ್ತಿದಳು.