ಏಟೂ ಚಿತ್ರವೂ ಒಂದೇ ಸಲಕ್ಕೆ

ಉಸ್ತಾದನ ಬಲಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ನಡುಬೆರಳು, ಅದರ ಪಕ್ಕದ ಉಂಗುರದ ಬೆರಳು. ಎರಡೂ ಕಬ್ಬಿಣದ ಸರಳಿನಂತೆ ನೆಟ್ಟಗೆ ನಿಂತಿರುತ್ತಿದ್ದವು. ಅನ್ನ ಕಲಸುವಾಗ ತಟ್ಟೆಯ ಹೊರಗೆ ಚಾಚಿಕೊಳ್ಳುತ್ತಿದ್ದವು. ಕೀಬೋರ್ಡಿನ ಮೇಲೆ ಗಾಳಿಯಲ್ಲಿ ನಿಲ್ಲುತ್ತಿದ್ದವು, ಉಳಿದ ಬೆರಳುಗಳು ದುಡಿಯುತ್ತಿದ್ದವು. ಕಪಾಳಕ್ಕೆ ಹೊಡೆಯುವಾಗ ಮಾತ್ರ ಆ ಎರಡೇ ಮೊದಲು ತಾಗುತ್ತಿದ್ದವು. ನನಗೆ ಗೊತ್ತು. ನಾನು ಬೇಕಾದಷ್ಟು ತಿಂದಿದ್ದೇನೆ.

ನಾನು ದೇಶನೂರಿನವನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಸಿರುಗುಪ್ಪದ ಒಂದು ಅಕ್ಕಿ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಿದ್ದೆ. ಅಲ್ಲಿ ಕ್ಯಾಮೆರಾ ಕೂರಿಸಲು ಬಳ್ಳಾರಿಯಿಂದ ಉಸ್ತಾದ ಬಂದಿದ್ದ. ನಾನು ಏಣಿ ಹಿಡಿದುಕೊಂಡಿದ್ದೆ. ಮೇಲಿನಿಂದ ಸ್ಕ್ರೂಡ್ರೈವರ್ ಬಿದ್ದು ನನ್ನ ತಲೆ ಒಡೆಯಿತು. ರಕ್ತ ಕಣ್ಣಿಗೆ ಇಳಿಯಿತು. ನಾನು ಏಣಿ ಬಿಡಲಿಲ್ಲ. ಅವನು ಇಳಿದು ಬಂದು ನೋಡಿದ.

"ಯಾಕಲೇ, ಬಾಯಿ ಇಲ್ಲೇನು ನಿನಗ?"

"ಐತಿ. ಒದರಿದ್ರ ನೀವು ಬೆದರಿ ಬೀಳ್ತೀರಿ ಅಂತ ಸುಮ್ನ ಅದೀನಿ."

"ನಾಳಿಂದ ಬಳ್ಳಾರಿಗಿ ಬಾ," ಎಂದ. ನನ್ನ ತಲೆಗೆ ತನ್ನ ಕರವಸ್ತ್ರ ಕಟ್ಟಿ, ಬಿಗಿಯಾಯಿತೋ ಇಲ್ಲವೋ ಎಂದು ಮೇಲೊಂದು ಬಾರಿಸಿದ. ಅಷ್ಟೇ ಸಂದರ್ಶನ.

ಅವನ ಅಂಗಡಿ ಕೌಲ್ ಬಜಾರಿನ ಒಂದು ಸಂದಿಯಲ್ಲಿತ್ತು. ಅಕ್ಕಪಕ್ಕ ಜೀನ್ಸ್ ಹೊಲಿಯುವವರು. ಮಿಲ್ಲು, ಕಲ್ಲಿನ ಕ್ರಷರು, ಎಲ್ಲಿ ಮನುಷ್ಯ ಯಂತ್ರದ ಬಾಯಿಗೆ ಇಳಿಯಬೇಕೋ ಅಲ್ಲಿಗೆ ನಾವು ಕ್ಯಾಮೆರಾ, ಸ್ಕ್ರೀನು ಕೂರಿಸುತ್ತಿದ್ದೆವು. ಯಂತ್ರದ ಗುಂಡಿ ಒತ್ತುವವನು ದೂರದ ಕೋಣೆಯಲ್ಲಿ ಕುಳಿತಿರುತ್ತಾನೆ. ಅವನಿಗೆ ಕಾಣುವುದು ಸ್ಕ್ರೀನು ಮಾತ್ರ. ಅದರಲ್ಲಿ ಮನುಷ್ಯ ಇಲ್ಲ ಎಂದರೆ ಒತ್ತುತ್ತಾನೆ.

ಎಲ್ಲ ಅಂಗಡಿಯವರೂ ಈ ಕೆಲಸ ಮಾಡುತ್ತಾರೆ. ಅವರು ಕಂಪ್ಯೂಟರಿನಲ್ಲಿ ಡೆಸ್ಕ್‌ಟಾಪು, ಐಕಾನು, ಕಿಟಕಿಗಳು ಎಲ್ಲ ಹಾಕಿ, ಒಂದು ಕಿಟಕಿಯಲ್ಲಿ ಕ್ಯಾಮೆರಾ ಚಿತ್ರ ತೋರಿಸುತ್ತಾರೆ. ಉಸ್ತಾದ ಅದನ್ನೆಲ್ಲ ಕಿತ್ತೆಸೆಯುತ್ತಿದ್ದ. ಮೌಸಿನ ಬಾಣ ಕೂಡ ಇರಬಾರದು. ಗ್ರಾಫಿಕ್ಸ್ ಕಾರ್ಡು, ಅದನ್ನು ನಡೆಸುವ ಡ್ರೈವರ್ ಎಂಬ ಪ್ರೋಗ್ರಾಮು, ಅದರಿಂದ ನೇರ ಸ್ಕ್ರೀನು. ನಡುವೆ ಯಾರೂ ನಿಲ್ಲುವಂತಿಲ್ಲ.

ಕಷ್ಟ ಇರುವುದು ಡ್ರೈವರಿನಲ್ಲಿ. ಅದು ಸರಿಯಾಗಿ ಕೂರದಿದ್ದರೂ ಚಿತ್ರ ಬರುತ್ತದೆ. ಕಾರ್ಡು ಮಲಗಿರುತ್ತದೆ, ಅದರ ಕೆಲಸವನ್ನು ಕಂಪ್ಯೂಟರಿನ ಪ್ರೊಸೆಸರು ಏದುಸಿರು ಬಿಡುತ್ತಾ ಮಾಡುತ್ತಿರುತ್ತದೆ. ಚಿತ್ರ ಚೆನ್ನಾಗಿಯೇ ಇರುತ್ತದೆ. ಆದರೆ ತಡವಾಗಿ ಬರುತ್ತದೆ. ನೋಡುವವನಿಗೆ ತಡ ಎಂದು ತಿಳಿಯುವುದೇ ಇಲ್ಲ. ಹೊಸಬರೆಲ್ಲ ಇಲ್ಲೇ ಸಾಯುವುದು. ಚಿತ್ರ ಬಂತು, ಕೆಲಸ ಮುಗಿಯಿತು ಎಂದು ಚಹಾಕ್ಕೆ ಹೋಗುತ್ತಾರೆ.

ಉಸ್ತಾದ ಕಮಾಂಡ್ ಹೊಡೆದು ಚಿತ್ರ ಬಿಡಿಸುತ್ತಿರುವವರು ಯಾರು ಎಂದು ಕೇಳುತ್ತಿದ್ದ. ಕಾರ್ಡಿನ ಹೆಸರು ಬರಬೇಕು. ಬೇರೆ ಹೆಸರು ಬಂದರೆ ಕೈಗೆ ಸಿಕ್ಕಿದ್ದು ಹಾರುತ್ತಿತ್ತು. ಇಕ್ಕಳ, ಚಹಾದ ಗ್ಲಾಸು, ಒಮ್ಮೆ ಸ್ಟೂಲು. ಹೆಸರು ಸರಿ ಬಂದರೂ ಅವನು ನಂಬುತ್ತಿರಲಿಲ್ಲ. ನನ್ನನ್ನು ಕ್ಯಾಮೆರಾದ ಎದುರು ನಿಲ್ಲಿಸಿ, ಕಣ್ಣು ಸ್ಕ್ರೀನಿನ ಮೇಲಿಟ್ಟು, ನನ್ನ ಕಪಾಳಕ್ಕೆ ಬಾರಿಸುತ್ತಿದ್ದ.

"ಸಪ್ಪಳ ಮತ್ತ ಚಿತ್ರ ಒಂದ ಸಲಕ್ಕ ಬರ್ಬೇಕಲೇ. ಮದ್ಲ ಸಪ್ಪಳ ಬಂದು ಆಮ್ಯಾಲ ಕೈ ಬಂತಂದ್ರ ಯಾವನೋ ಸತ್ತ ಅಂತ ಲೆಕ್ಕ."

"ಚಪ್ಪಾಳಿ ಹೊಡದ್ರೂ ಆಗ್ತೈತಲ್ಲ ಉಸ್ತಾದ?" ಎಂದು ಒಮ್ಮೆ ಕೇಳಿದೆ.

"ಚಪ್ಪಾಳಿ ಹೊಡದ್ರ ನಿನಗ ನೆನಪಿರಂಗಿಲ್ಲ."

ಅಂಗಡಿಯ ಮೂಲೆಯಲ್ಲಿ ಕುಳಿತು ವೈರು ಬೆಸೆಯುತ್ತಿದ್ದ ಮಾಮ ಇದಕ್ಕೆ ಕಿಸಕ್ಕೆಂದು ನಗುತ್ತಿದ್ದ. ನನ್ನ ಸೋದರಮಾವನಲ್ಲ, ಎಲ್ಲರಿಗೂ ಮಾಮ. ಅವನ ದವಡೆ ಎಡಕ್ಕೆ ಸೊಟ್ಟಗಿತ್ತು. ಚಹಾ ಕುಡಿಯುವಾಗ ಒಂದು ಕಡೆಯಿಂದ ಸೋರುತ್ತಿತ್ತು. ಅವನೂ ಉಸ್ತಾದನೂ ದಿನವಿಡೀ ಒಬ್ಬರನ್ನೊಬ್ಬರು ಬೈಯುತ್ತಿದ್ದರು. ಊಟ ಮಾತ್ರ ಒಂದೇ ಡಬ್ಬಿಯಲ್ಲಿ.

ಆ ದವಡೆ ಮುರಿದದ್ದು ಉಸ್ತಾದ. ಉಸ್ತಾದನ ಬೆರಳು ಮುರಿದದ್ದು ಆ ದವಡೆ. ಇದನ್ನು ಮಾಮನೇ ನನಗೆ ಹೇಳಿದ, ಕುರುಗೋಡಿನಿಂದ ಬಸ್ಸಿನಲ್ಲಿ ಬರುವಾಗ, ಕಡಲೆ ತಿನ್ನುತ್ತಾ.

ಕುರುಗೋಡಿನ ಕಡೆಯ ಒಂದು ಕ್ರಷರಿನಲ್ಲಿ ಉಸ್ತಾದನ ತಮ್ಮ ದುಡಿಯುತ್ತಿದ್ದ. ಕಲ್ಲು ಸಿಕ್ಕಿಕೊಂಡಾಗ ಯಂತ್ರದ ಬಾಯಿಗೆ ಇಳಿದು ಹಾರೆಯಿಂದ ಬಿಡಿಸುವುದು ಅವನ ಕೆಲಸ. ಗುಂಡಿ ಒತ್ತುವವನು ಮಾಮ. ಸ್ಕ್ರೀನಿನಲ್ಲಿ ಬಾಯಿ ಖಾಲಿ ಕಂಡಿತು. ಒತ್ತಿದ. ಹೊರಬಂದ ಜಲ್ಲಿ ಕೆಂಪಗಿತ್ತು. ಹುಡುಗನನ್ನು ಗೋಣಿಯಲ್ಲಿ ತುಂಬಿ ಮನೆಗೆ ತಂದರು.

"ಖಾಲಿ ಕಾಣ್ತು ಅಂತ ನಾ ಹೇಳಾಕ ಹತ್ತೀನಿ, ಅಂವ ಹೊಡೆಯಾಕ ಹತ್ತಾನ," ಎಂದ ಮಾಮ. "ಸುಳ್ಳ ಹೇಳ್ತಾನ ಅಂತ ಇನ್ನಾ ಹೊಡದ. ನನ್ನ ದವಡಿ ಒಳಗ ಅವನ ಬೆರಳು ಲಟಕ್ಕಂದಿದ್ದು ನಂಗ ಕೇಳಿಸ್ತಪಾ."

ಉಸ್ತಾದ ಜೈಲಿಗೆ ಹೋದ. ಹೊರಬಂದ ಮೇಲೆ ಆ ಸ್ಕ್ರೀನಿನ ಮುಂದೆ ನಿಂತು, ಕ್ಯಾಮೆರಾದ ಕೆಳಗೆ ಒಬ್ಬನಿಂದ ಕಲ್ಲು ಕುಟ್ಟಿಸಿ ನೋಡಿದ. ಸಪ್ಪಳ ಮೊದಲು ಬಂತು, ಕಲ್ಲು ಆಮೇಲೆ ಬಂತು. ಅಲ್ಲಿಂದ ನೇರ ಮಾಮನ ಮನೆಗೆ ಹೋದ. ಬಾಗಿಲಲ್ಲಿ ನಿಂತು, "ನೀ ಸುಳ್ಳ ಹೇಳಿರ್ಲಿಲ್ಲ. ನನ್ನ ಕೂಡ ಬಾ," ಎಂದನಂತೆ.

"ಮಾಫಿ ಕೇಳಲಿಲ್ಲೇನು?" ಎಂದೆ.

"ಅದ ಮಾಫಿ ಅಲ್ಲೇನಲೇ, ಕತ್ತಿಮಗನ?"

ಇನ್ನು ಸಿರುಗುಪ್ಪದ ಮಾತು. ನಾನು ಮೊದಲು ಹಮಾಲಿ ಮಾಡಿದ ಅದೇ ಮಿಲ್ಲು. ಅಲ್ಲಿ ಭತ್ತ ಸುರಿಯಲು ನೆಲದಲ್ಲಿ ಒಂದು ಪಿಟ್ ಇದೆ, ಆಳವಾದ ಗುಂಡಿ. ತಳದಲ್ಲಿ ಉಕ್ಕಿನ ಸುರುಳಿ ತಿರುಗುತ್ತಾ ಭತ್ತವನ್ನು ಎಳೆದೊಯ್ಯುತ್ತದೆ. ಹುಲ್ಲು ಸಿಕ್ಕಿಕೊಂಡರೆ ಹಮಾಲಿ ಇಳಿದು ಕೀಳಬೇಕು. ಆ ಪಿಟ್ಟಿನ ಸ್ಕ್ರೀನನ್ನು ನಾವೇ ಕೂರಿಸಿದ್ದೆವು. ಸುಗ್ಗಿಯ ಹೊತ್ತಿಗೆ ಕ್ಯಾಮೆರಾದ ಧೂಳು ಒರೆಸಲು ಮೂವರೂ ಹೋದೆವು.

ಕೋಣೆಗೆ ಹೊಕ್ಕರೆ ಸ್ಕ್ರೀನಿನ ತುಂಬ ಹೂವಿನ ಚಿತ್ರ. ಐಕಾನುಗಳ ಸಾಲು. ಒಂದು ಮೂಲೆಯಲ್ಲಿ ಕ್ರಿಕೆಟ್ಟು. ನಡುವೆ ಒಂದು ಕಿಟಕಿಯಲ್ಲಿ ನಮ್ಮ ಪಿಟ್ಟು. ಗುಂಡಿಗಳ ಮುಂದೆ ಮಿಲ್ಲಿನವರ ಮಗ ಕುಳಿತಿದ್ದ. ಅವನನ್ನು ಎಲ್ಲರೂ ಸಣ್ಣ ಧಣಿ ಎನ್ನುತ್ತಿದ್ದರು.

"ಯಾರು ಮಾಡಿದ್ರು ಇದನ್ನ?" ಎಂದ ಉಸ್ತಾದ.

"ನಾನ ಮಾಡಿಸೀನಿ. ಕರೀ ಸ್ಕ್ರೀನ್ ಎಷ್ಟಂತ ನೋಡ್ಲಿ? ಈಗ ಮದ್ಲಿಗಿಂತ ಚಂದ ಬರ್ತೈತಿ ನೋಡು."

ಉಸ್ತಾದ ಹೊಡೆಯಲಿಲ್ಲ. ನನಗೆ ಆಶ್ಚರ್ಯವಾಯಿತು. ಯಂತ್ರ ಮುಟ್ಟಬೇಡಿ ಎಂದು ಸಣ್ಣ ಧಣಿಗೆ ಹೇಳಿ, ನನ್ನ ಕೈಗೆ ತನ್ನ ಸುತ್ತಿಗೆ ಕೊಟ್ಟು, "ಇಳಿದು ಕಬ್ಬಿಣ ಕುಟ್ಟಲೇ," ಎಂದ. ಮಿಲ್ಲಿನಲ್ಲಿ ಕಪಾಳದ ಬದಲು ಸುತ್ತಿಗೆ. ಇಳಿದೆ, ಕುಟ್ಟಿದೆ. ಕೋಣೆಯಲ್ಲಿ ಏನಾಯಿತೆಂದು ಮಾಮ ಆಮೇಲೆ ಹೇಳಿದ. ಸಪ್ಪಳ ಬಂದಾಗ ಸ್ಕ್ರೀನಿನಲ್ಲಿ ನಾನಿನ್ನೂ ಏಣಿ ಇಳಿಯುತ್ತಿದ್ದೆನಂತೆ.

"ಮ್ಯಾಲ ಬಾರಲೇ!" ಎಂದು ಉಸ್ತಾದ ಕೂಗಿದ. ಹತ್ತಿದೆ. ಅವನು ಸುರುಳಿಯ ಕರೆಂಟಿನ ಮೇನ್ ಸ್ವಿಚ್ಚಿನ ಕಡೆ ಓಡಿದ. ನಾನು ಕಟ್ಟೆಗೆ ಕಾಲಿಡುವಾಗ ಸುತ್ತಿಗೆ ಕೈಜಾರಿ ಕೆಳಗೆ ಬಿತ್ತು. ಅದನ್ನು ಬಿಟ್ಟು ಬಂದರೆ ಉಸ್ತಾದ ಚರ್ಮ ಸುಲಿಯುತ್ತಾನೆ. ಮತ್ತೆ ಧುಮುಕಿದೆ.

ಹೊರಗೆ ಲಾರಿಗಳು ಸಾಲುಗಟ್ಟಿದ್ದವು. ಆದೋನಿಯ ಡ್ರೈವರುಗಳು ಹಾರನ್ ಒತ್ತಿ ತೆಲುಗಿನಲ್ಲಿ ಬೈಯುತ್ತಿದ್ದರು. ಸಣ್ಣ ಧಣಿ ಸ್ಕ್ರೀನು ನೋಡಿದ. ನಾನು ಮೇಲೆ ಬಂದದ್ದು ಆಗ ಅವನಿಗೆ ಕಂಡಿತು. ಪಿಟ್ಟು ಖಾಲಿ. "ಹುಡುಗ ಬಂದ, ನಡೀಲಿ," ಎಂದು ಒತ್ತಿಬಿಟ್ಟ.

ಸುರುಳಿ ಮೊದಲು ನನ್ನ ಪ್ಯಾಂಟು ಹಿಡಿಯಿತು. ಆಮೇಲೆ ಮೀನಖಂಡ. ಹುಣಸೆ ಸಿಪ್ಪೆ ಬಿಡಿಸಿದ ಹಾಗೆ ಚರ್ಮ ಸುಲಿಯುವುದನ್ನು ನಾನೇ ನೋಡಿದೆ. ಕೂಗಿದೆನೋ ಇಲ್ಲವೋ ನೆನಪಿಲ್ಲ. ಮೊಣಕಾಲಿನ ಹತ್ತಿರ ಬಂದು ಅದು ನಿಂತಿತು. ಉಸ್ತಾದ ಮೇನ್ ಎಳೆದಿದ್ದ. ತುಸು ತಡವಾಗಿದ್ದರೆ ನನ್ನನ್ನೂ ಗೋಣಿಯಲ್ಲಿ ತುಂಬಬೇಕಿತ್ತು.

ಆಮೇಲೆ ಅವನು ಕೋಣೆಗೆ ನುಗ್ಗಿದ. ಸ್ಕ್ರೀನನ್ನು ಎತ್ತಿ ನೆಲಕ್ಕೆ ಅಪ್ಪಳಿಸಿದ. ಸಣ್ಣ ಧಣಿಯ ಬಾಯಿಗೆ ಹೊಡೆದ. ಆ ಎರಡು ಬೆರಳು ತುಟಿಯನ್ನು ಸೀಳಿದವು. ಓಡಿಬಂದ ಹಮಾಲಿಗಳಿಗೆ ಕಂಡದ್ದು ಇಷ್ಟೇ, ಯಾವನೋ ಬಳ್ಳಾರಿಯವನು ಧಣಿಯನ್ನು ಕೊಲ್ಲುತ್ತಿದ್ದಾನೆ. ಸಲಿಕೆಯ ಕಾವು, ಬೆಲ್ಟಿನ ತುಂಡು, ಸಿಕ್ಕಿದ್ದರಲ್ಲಿ ಬಡಿದರು. ಮಾಮ ಮೇಲೆ ಬಿದ್ದು ತಡೆಯಲು ಹೋದ, ಅವನ ಬೆನ್ನಿಗೂ ಬಿತ್ತು. ನಾನು ಪಿಟ್ಟಿನ ತಳದಲ್ಲಿ ಕಾಲು ಸಿಕ್ಕಿಸಿಕೊಂಡು ಬಿದ್ದಿದ್ದೆ. ನನಗೆ ಸಪ್ಪಳ ಮಾತ್ರ ಕೇಳುತ್ತಿತ್ತು. ನಡುನಡುವೆ ಉಸ್ತಾದನ ದನಿ: "ಪಿಟ್ಟಿನ್ಯಾಗ ಹುಡುಗ ಅದಾನ್ರೋ... ಮದ್ಲ ಅವನ್ನ ತಗೀರಿ... ಆಮ್ಯಾಲ ಹೊಡೀರಿ."

ಅವನ ಪಕ್ಕೆಲುಬು ಮುರಿದಿದ್ದವು. ಬಳ್ಳಾರಿ ಆಸ್ಪತ್ರೆಯಲ್ಲಿ ನಮ್ಮಿಬ್ಬರ ಮಂಚ ಅಕ್ಕಪಕ್ಕ. ಎಚ್ಚರವಾದಾಗ ಮೊದಲು ನನ್ನ ಕಾಲು ನೋಡಿದ. "ಸುತ್ತಿಗಿ ಎಲ್ಲೈತಲೇ?" ಎಂದ. ಅವನ ನಗು ಕೆಮ್ಮಾಯಿತು, ಕೆಮ್ಮು ರಕ್ತವಾಯಿತು.

ಅಂಗಡಿಗೆ ಮರಳಿದ ಮೇಲೆ ಅವನು ಯಾರನ್ನೂ ಹೊಡೆಯಲಿಲ್ಲ. ಕೈ ಎತ್ತಿದರೆ ಉಸಿರು ಕಟ್ಟುತ್ತಿತ್ತು. ಕಪಾಳದ ಪರೀಕ್ಷೆ ಮಾಮನ ಪಾಲಿಗೆ ಬಂತು. ಮಾಮನ ಏಟು ಮೆತ್ತಗೆ. "ನೊಣ ಹೊಡಿತೀಯೇನಲೇ ಸೊಟ್ಯಾ?" ಎಂದು ಉಸ್ತಾದ ಕುಳಿತಲ್ಲಿಂದಲೇ ಇಕ್ಕಳ ಎಸೆಯುತ್ತಿದ್ದ. ಅದು ನಮ್ಮ ತನಕ ಬರುತ್ತಿರಲಿಲ್ಲ.

ಕೊನೆಕೊನೆಗೆ ಅವನದು ಒಂದೇ ಮಾತು. "ಆ ಪಿಟ್ಟು ಇನ್ನಾ ಹಂಗ ಐತಿ. ಹೊಸ ಸ್ಕ್ರೀನ್ ತಂದು ಅದ ಹೂವಿನ ಚಿತ್ರ ಹಾಕ್ಯಾರ. ಹೋಗಿ ತಗೀ."

"ನಿಮ್ಮನ್ನ ಬಡಿದವ್ರು ಇಳಿಯಾದು ಅಲ್ಲಿಗಿ. ಸಾಯ್ಲಿ ಬಿಡ್ರಿ," ಎಂದೆ.

ಅವನು ಎದ್ದು ಬಂದ. ಗೋಡೆ ಹಿಡಿದು, ನಿಂತು ನಿಂತು ಬಂದ. ಉಳಿದ ಬಲವನ್ನೆಲ್ಲ ಕೂಡಿಸಿ ನನ್ನ ಕಪಾಳಕ್ಕೆ ಕೊಟ್ಟ. ಆ ಎರಡು ಬೆರಳೇ ಮೊದಲು ತಾಗಿದವು. ಅದೇ ಕೊನೆಯ ಏಟು. ಬೇಸಿಗೆ ಕಳೆಯುವುದರೊಳಗೆ ಅವನು ಹೋದ. ಪಕ್ಕೆಲುಬಿನಿಂದಲೇ ಸತ್ತ ಎಂದು ಡಾಕ್ಟರು ಹೇಳಲಿಲ್ಲ. ನಾನು ಹೇಳುತ್ತೇನೆ. ಜನಾಜಾಕ್ಕೆ ನಾನೂ ಹೆಗಲು ಕೊಟ್ಟೆ. ಕಾಲು ಕುಂಟುತ್ತಿದ್ದರಿಂದ ನನ್ನ ಕಡೆ ಅವನು ತುಸು ವಾಲಿದ್ದ.

ಆಮೇಲೆ ಆ ಹಮಾಲಿಗಳೇ ಫೋನ್ ಮಾಡಿದರು. ರಾರಾವಿಯ ಒಬ್ಬನ ಟವೆಲ್ಲನ್ನು ಸುರುಳಿ ಎಳೆದುಕೊಂಡು ಹೋಗಿತ್ತು, ಕುತ್ತಿಗೆ ಉಳಿದಿತ್ತು. ಸ್ಕ್ರೀನು ಸರಿಯಾಗುವ ತನಕ ಪಿಟ್ಟಿಗೆ ಇಳಿಯುವುದಿಲ್ಲ ಎಂದು ಎಲ್ಲರೂ ಕುಳಿತುಬಿಟ್ಟಿದ್ದರು. "ನಿಮ್ಮ ಉಸ್ತಾದನ್ನ ಹೊಡದ ಕೈ ಇವು. ಆದ್ರೂ ಬರ್ರಿ," ಎಂದ ಅವರ ಮೇಸ್ತ್ರಿ.

ಹೋದೆವು. ಹೂವು, ಐಕಾನು, ಕ್ರಿಕೆಟ್ಟು ಎಲ್ಲ ಅಳಿಸಿದೆ. ಡ್ರೈವರ್ ಮೊದಲಿಗೆ ಕೂರಲಿಲ್ಲ, ಮತ್ತೆ ಹಾಕಿದೆ. ಕಾರ್ಡಿನ ಹೆಸರು ಬಂತು. ಕರೀ ಸ್ಕ್ರೀನಿನ ಮೇಲೆ ಬರೀ ಪಿಟ್ಟು ನಿಂತಿತು.

"ಆತಲ್ಲ?" ಎಂದ ಸಣ್ಣ ಧಣಿ. ತುಟಿಯ ಮೇಲೆ ಹೊಲಿಗೆಯ ಗುರುತಿತ್ತು.

"ಪರೀಕ್ಷಿ ಉಳದೈತ್ರಿ. ನೀವು ಬರ್ರಿ."

ಸುರುಳಿಯ ಮೇನ್ ತೆಗೆದು ಮೇಸ್ತ್ರಿಯನ್ನು ಅಲ್ಲೇ ಕಾವಲು ನಿಲ್ಲಿಸಿದೆ. ಸಣ್ಣ ಧಣಿ ಹಮಾಲಿಗಳ ಮುಖ ನೋಡಿದ. ಯಾರೂ ಅಲ್ಲಾಡಲಿಲ್ಲ. ಏಣಿ ಇಳಿದು ಬಂದ. ಉಕ್ಕಿನ ಸುರುಳಿಯ ಮೇಲೆ, ಕ್ಯಾಮೆರಾದ ಕೆಳಗೆ ಅವನನ್ನು ನಿಲ್ಲಿಸಿದೆ. ಉಸ್ತಾದನ ಹಾಗೆಯೇ ಎರಡು ಬೆರಳು ನೆಟ್ಟಗೆ ಮಾಡಿಕೊಂಡು ಬಾರಿಸಿದೆ. ಪಿಟ್ಟಿನೊಳಗೆ ಸಪ್ಪಳ ಗುಂಯ್ ಎಂದಿತು.

ಮೇಲೆ ಕೋಣೆಯಿಂದ ಮಾಮನ ಸೊಟ್ಟ ದನಿ ಬಂತು.

"ಕೂಡಿ ಬಂತಲೇ! ಎರಡೂ ಒಂದ ಸಲಕ್ಕ ಬಂದ್ವು!" ಹಿಂದೆಯೇ, "ಆದ್ರೂ ಇನ್ನೊಮ್ಮಿ ಹೊಡಿ. ಅಂವ ಒಂದಕ್ಕ ನಂಬ್ತಿರ್ಲಿಲ್ಲ," ಎಂದ.