ಅಕ್ಕ ಬರೆದ ಫುಟ್‌ಬಾಲ್

ಹೊರಗೆ ಕೊಲ್ಲಿ ನಾಡಿನ ಅಲ್ ಖೋರ್‌ನ ಬಿಸಿಲಿಗೆ ಕಾರಿನ ಬಾಗಿಲು ಮುಟ್ಟಲಾಗುತ್ತಿರಲಿಲ್ಲ. ಮೇಲಿನ ಮಹಡಿಯ ಅಕ್ಕ ಮಾತ್ರ ಉಣ್ಣೆಯ ಶಾಲು ಹೊದ್ದು, ಸಾಕ್ಸ್ ಹಾಕಿಕೊಂಡು ಕೂತಿರುತ್ತಿದ್ದರು. ಕಂಪ್ಯೂಟರ್ ಬಿಸಿಯಾಗಬಾರದೆಂದು ಇಡೀ ದಿನ ಏಸಿ ಹಾಕಿರುತ್ತಿದ್ದರು. ಅದರ ನೀರು ನಮ್ಮ ಬಾಲ್ಕನಿಯ ಬಟ್ಟೆಗಳ ಮೇಲೆ ತೊಟ್ಟಿಕ್ಕುತ್ತಿತ್ತು. ನಾನು ಮೊದಲ ಸಲ ಅವರ ಮನೆಯ ಮೆಟ್ಟಿಲು ಹತ್ತಿದ್ದೇ ಜಗಳಕ್ಕೆಂದು.

"ಸಾರಿ ಕಣ್ರೀ. ಒಳಗೆ ಬನ್ನಿ, ಯಾಕೆ ಹೀಗೆ ಅಂತ ತೋರಿಸ್ತೀನಿ," ಎಂದರು.

ಪರದೆಯ ಮೇಲೆ ಒಂದು ಸ್ಟೇಡಿಯಂ. ಸಾವಿರಾರು ಜನ ಎದ್ದು ಕೈ ಬೀಸುವಷ್ಟರಲ್ಲಿ ಆಟ ತಡವರಿಸಿ ನಿಂತುಬಿಡುತ್ತಿತ್ತು. ಅದು ಅಕ್ಕ ತಾವೇ ಬರೆಯುತ್ತಿದ್ದ ಫುಟ್‌ಬಾಲ್ ಗೇಮ್. ಮೈಸೂರಿನವರಾದ ಅವರು ಮದುವೆಗೆ ಮುಂಚೆ ಬೆಂಗಳೂರಿನ ಗೇಮ್ ಕಂಪನಿಯೊಂದರಲ್ಲಿದ್ದವರು.

"ಈ ಪ್ರಾಸೆಸರ್‌ನಲ್ಲಿ ನಾಲ್ಕು ಕೋರ್ ಇದೆ, ಅಂದ್ರೆ ನಾಲ್ಕು ಮಿದುಳು ಇದ್ದ ಹಾಗೆ. ನನ್ನ ಗೇಮು ಒಂದರ ಮೇಲೇ ಓಡ್ತಿದೆ. ಮೂರು ಸುಮ್ನೆ ಕೂತಿವೆ."

"ನಮ್ಮ ಥರ," ಎಂದೆ. ಗಂಡಂದಿರು ಕಂಪನಿ ಬಸ್ಸಿನಲ್ಲಿ ಗ್ಯಾಸ್ ಕಾರ್ಖಾನೆಗಳ ರಾಸ್ ಲಫ್ಫಾನ್‌ಗೆ ಹೋದರೆ, ಅವರ ವೀಸಾದ ಮೇಲೆ ಬಂದ ನಮಗೆ ಸಂಜೆಯವರೆಗೆ ಏನಿತ್ತು?

ಅಕ್ಕ ನಕ್ಕರು. ಆಮೇಲೆ ಇನ್ನೊಂದು ಕುರ್ಚಿ ಎಳೆದು, "ಕೂತ್ಕೊಳ್ಳಿ, ಕಲಿಸ್ತೀನಿ," ಎಂದರು. ಇವತ್ತು ರಾಜಧಾನಿಯ ವೆಸ್ಟ್ ಬೇ ಬಡಾವಣೆಯ ಆಫೀಸಿನಲ್ಲಿ ನಾನು ಅನ್ನ ಸಂಪಾದಿಸುವ ವಿದ್ಯೆಯೆಲ್ಲ ಅಲ್ಲಿ ಕಲಿತದ್ದು.

ಒಮ್ಮೆ ಅವರ ಹಳೆಯ ಮ್ಯಾನೇಜರ್ ಫೋನಿನಲ್ಲಿ, "ಗೇಮ್‌ಗೆ ಫಾಸ್ಟಾದ ಒಂದು ಕೋರ್ ಸಾಕು ಬಿಡಿ. ಅಷ್ಟೆಲ್ಲ ಯಾರು ತಿದ್ದಿ ಬರೀತಾರೆ?" ಎಂದರು. "ಆ ಒಂದೇ ಇನ್ನೆಷ್ಟು ಫಾಸ್ಟ್ ಆಗುತ್ತೆ, ಸಾರ್? ಎಲ್ಲ ಕೋರ್ ಬಳಸೋ ಹಾಗೆ ಗೇಮುಗಳೇ ಬದಲಾಗಬೇಕು," ಎಂದು ಅಕ್ಕ ಫೋನಿಟ್ಟರು.

ಕೋರ್‌ಗಳಿಗೆ ಕೆಲಸ ಹಂಚಿದ ದಿನ ಒಂದು ವಿಚಿತ್ರ ನಡೆಯಿತು. ಒಂದು ಕೋರ್ ಚೆಂಡನ್ನು ಗೋಲಿನೊಳಗೆ ಹಾಕಿತ್ತು. ಅದೇ ಹೊತ್ತಿಗೆ ಇನ್ನೊಂದು ಅದನ್ನು ಗೋಲ್‌ಕೀಪರ್‌ನ ಕೈಗಿತ್ತಿತ್ತು. ಜನ ಕುಣಿಯುತ್ತಿದ್ದರೆ, ಅವನು ಚೆಂಡು ಅಪ್ಪಿಕೊಂಡು ನಿಂತಿದ್ದ. ಅಕ್ಕ ಕಣ್ಣೊರೆಸಿಕೊಳ್ಳುತ್ತಾ ನಕ್ಕರು. "ಒಂದಕ್ಕೊಂದು ಹೇಳ್ದೆ ಮಾಡಿದ್ರೆ ಹೀಗೇ ಕಣೆ!"

ಊರಾಚೆ ವಿಶ್ವಕಪ್ಪಿನ ಸ್ಟೇಡಿಯಂ ಡೇರೆಯ ಆಕಾರದಲ್ಲಿ ಏಳುತ್ತಿದ್ದಾಗ ಅಕ್ಕನಿಗೆ ಕ್ಯಾನ್ಸರ್ ಎಂದು ಗೊತ್ತಾಯಿತು. ಆಸ್ಪತ್ರೆಯಿಂದ ಬಂದವರು ಮತ್ತೆ ಕಂಪ್ಯೂಟರ್ ಮುಂದೆಯೇ ಕೂರುತ್ತಿದ್ದರು.

"ಭಾವನಿಗೆ ಗೇಮ್ ತೋರಿಸಿದ್ರಾ?" ಎಂದು ಕೇಳಿದೆ.

"ಪೂರ್ತಿ ಆಗ್ಲಿ, ಆಮೇಲೆ."

ಪೂರ್ತಿಯಾಗುವ ಮೊದಲೇ ಅವರನ್ನು ಮೈಸೂರಿಗೆ ಕರೆದೊಯ್ದರು. ಅಲ್ಲಿಂದ ಒಮ್ಮೆ ಮಾತಾಡಿದರು. ಧ್ವನಿ ಸಣ್ಣಗಾಗಿತ್ತು. "ಗೇಮುಗಳು ಬದಲಾಗೇ ಆಗ್ತವೆ ಕಣೆ. ನೋಡೋಕೆ ನಾನಿರಲ್ಲ, ಅಷ್ಟೇ." ವಿಶ್ವಕಪ್ ಶುರುವಾಗುವ ಮೊದಲೇ ಅಕ್ಕ ತೀರಿಕೊಂಡರು.

ಮನೆ ಖಾಲಿ ಮಾಡಲು ಭಾವ ಒಬ್ಬರೇ ಬಂದರು. ಸಾಮಾನು ಕಟ್ಟುತ್ತಿದ್ದವರು ನನ್ನನ್ನು ಕರೆದು, "ಇಡೀ ದಿನ ಅವಳು ಇದರಲ್ಲಿ ಏನು ಮಾಡ್ತಿದ್ಲು? ಸ್ವಲ್ಪ ತೋರಿಸ್ತೀಯೇನಮ್ಮಾ?" ಎಂದರು.

ಗೇಮ್ ಹಾಕಿ ತೋರಿಸಿದೆ. ಜನ ಸಾಲುಸಾಲಾಗಿ ಎದ್ದರು, ಎಲ್ಲೂ ತಡವರಿಸಲಿಲ್ಲ. ಆಟಗಾರರು ಓಡಿದರು. ಅರ್ಧ ಆಟವಾಗುತ್ತಲೇ ಪರದೆ ಕಪ್ಪಾಯಿತು.

"ಕೆಟ್ಟುಹೋಯ್ತಾ?"

"ಇಲ್ಲ ಭಾವ. ಅಕ್ಕ ಬರೆದಿದ್ದು ಇಷ್ಟೇ."

ಅವರು ರಟ್ಟಿನ ಪೆಟ್ಟಿಗೆಯೊಂದರ ಮೇಲೆ ಕೂತರು.

"ಇನ್ನೊಂದ್ಸಲ ಹಾಕಮ್ಮ," ಎಂದರು.