ಶಿರಹಟ್ಟಿಗೆ ಬಂದ ವರ್ದಾರ

ಆ ದಿನ ಮುಂಜಾನೆ ಶೇಖಸಾಬ ಮೂರು ಓಣಿಗಳ ಹೆಸರು ಅಳಿಸಿದ. ಮಸೂತಿ ಓಣಿ, ಗುಡಿ ಓಣಿ, ಮಗ್ಗದ ಓಣಿ. ಮೂರಕ್ಕೂ ಸುಣ್ಣ ಬಳಿದು ನೀಲಿ ಬಣ್ಣದಲ್ಲಿ ಬರೆದ: ವರ್ದಾರ, ದ್ರೀನಾ, ಮೊರಾವಾ. ಬಣ್ಣದ ಡಬ್ಬಿ ಹಿಡಿದು ನಿಂತ ಹೆಂಡತಿ ನಜಮಾ ನಕ್ಕ ನಗೆಗೆ ಡಬ್ಬಿ ತುಳುಕಿ ಅವಳ ಸೀರೆಯೂ ನೀಲಿಯಾಯಿತು.

ಶೇಖಸಾಬ ಶಿರಹಟ್ಟಿಯಲ್ಲಿ ನೀರು ಬಿಡುವವ. ಮೂರು ಓಣಿಗೂ ಒಂದೇ ಟಾಕಿ. ಯಾರಿಗೆ ಮೊದಲು ಬಿಟ್ಟರೂ ಉಳಿದವರು ಅವನ ಅಪ್ಪ ಅಜ್ಜರನ್ನು ಎಳೆದು ತರುತ್ತಿದ್ದರು. ಜಗಳವಿಲ್ಲದ ಒಂದು ಮುಂಜಾನೆ ನೋಡಬೇಕು, ಅದೊಂದೇ ಅವನ ಆಸೆ.

ಹಿಂದಿನ ಸಂಜೆ ರಘೂತ್ತಮ ಮಾಸ್ತರರು ಕಟ್ಟೆಯ ಮೇಲೆ ಕೂತು ಒಂದು ಕಥೆ ಹೇಳಿದ್ದರು. ಇತಿಹಾಸ ಕಲಿಸಿ ನಿವೃತ್ತರಾದವರು. ಯುಗೊಸ್ಲಾವಿಯಾ ಅಂತ ದೇಶ. ಒಳಗೆ ನಾ ಮೇಲು ನೀ ಮೇಲು ಅಂತ ಜಗಳ. ೧೯೨೯ರಲ್ಲಿ ಅಲ್ಲಿಯ ರಾಜ ಹಳೆಯ ಹೆಸರು ಅಳಿಸಿ ಒಂಬತ್ತು ಪ್ರಾಂತ ಮಾಡಿದ. ಒಂದಕ್ಕೆ ಕಡಲ ದಂಡೆಯ ಹೆಸರು, ಉಳಿದವಕ್ಕೆ ನದಿಗಳದು. ತೆಂಕಣದ ಪ್ರಾಂತಕ್ಕೆ ವರ್ದಾರ, ಇನ್ನೆರಡಕ್ಕೆ ದ್ರೀನಾ, ಮೊರಾವಾ.

"ನದಿನs ಬೇಕಂದ್ರ ನಮ್ಮ ತುಂಗಭದ್ರಾ ಇಲ್ಲೇನ್ರಿ?" ಎಂದು ಡಬ್ಬಿ ಹಿಡಿದ ನಜಮಾ ಕೇಳಿದಳು.

"ತುಂಗಭದ್ರಾ ಅಂದ್ರ ಮೂರೂ ಓಣ್ಯಾಗ ನಮ್ದು ನಮ್ದು ಅಂತಾರ. ವರ್ದಾರ ಯಾರಪ್ಪಂದೂ ಅಲ್ಲ," ಎಂದ ಶೇಖಸಾಬ.

ಬಣ್ಣ ಒಣಗಿರಲಿಲ್ಲ. ಮಗ್ಗದ ಓಣಿಯ ಅನ್ನಪೂರ್ಣವ್ವ ಸೆರಗು ಸಿಗಿಸಿಕೊಂಡು ಬಂದಳು.

"ಶೇಖಸಾಬಣ್ಣ, ಮೊದ್ಲ ದ್ರೀನಾಕ್ಕ ಯಾಕ ಬಿಟ್ಟಿ? ನಮ್ಮ ಮೊರಾವಾದ ಮಂದಿಗೆ ಗಂಟಲಿಲ್ಲೇನು?"

"ಏ, ಹೋಗವಾ!" ಮಸೂತಿ ಓಣಿಯ ಮೋತಿಬಿ ಕೊಡ ಎತ್ತಿದಳು. "ಗ್ವಾಡಿ ಮ್ಯಾಲ ಮೊದ್ಲ ಬರದ ಹೆಸರು ವರ್ದಾರ. ನೀರೂ ನಮಗs ಮೊದ್ಲು!"

ತಾಸಿನ ಹಿಂದೆ ಹುಟ್ಟಿದ ಹೆಸರಿಗಾಗಿ ಕೊಡಕ್ಕೆ ಕೊಡ ಬಡಿಯಿತು. ಗಾಬರಿಯಾದ ಶೇಖಸಾಬ ಕಟ್ಟೆಯ ಮೇಲಿದ್ದ ಮಾಸ್ತರರ ಕಡೆ ತಿರುಗಿದ.

"ಮಾಸ್ತರ್ರ, ಆ ದೇಶದಾಗ ಜಗಳ ನಿಂತ್ವಲ್ಲ?"

"ಎಲ್ಲಿ ನಿಂತ್ವೋ! ಐದು ವರ್ಷಕ್ಕ ರಾಜನ್ನ ಗುಂಡು ಹಾಕಿ ಕೊಂದ್ರು. ಮುಂದ ಯುದ್ಧ ಬಂತು, ಪ್ರಾಂತನೂ ಹೋದ್ವು."

"ಇದನ್ನ ನಿನ್ನೆನs ಹೇಳಬಾರದಿತ್ತೇನ್ರಿ?"

"ನೀ ಬಣ್ಣ ತರಾಕ ಓಡಿದ್ಯಲ್ಲ, ಕಥಿ ಮುಗ್ಯಾಕ ಎಲ್ಲಿ ಬಿಟ್ಟಿ?"

"ರಾಜನ್ನs ಬಿಟ್ಟಿಲ್ಲಂತ, ಶೇಖಸಾಬ ಯಾವ ಗಿಡದ ತಪ್ಪಲಾ!" ಎಂದಳು ಅನ್ನಪೂರ್ಣವ್ವ. ಮೋತಿಬಿ ಕೊಡ ಇಳಿಸಿ ನಕ್ಕಳು. ಮೂರು ಓಣಿಯೂ ನಕ್ಕಿತು.

"ನಾಳೆ ವರ್ದಾರ, ನಾಡದ ದ್ರೀನಾ, ಆಮ್ಯಾಲ ಮೊರಾವಾ. ಪಾಳಿ ತಪ್ಪಂಗಿಲ್ಲ," ಎಂದ ಶೇಖಸಾಬ.

ಆ ರಾತ್ರಿ ಮಲಗಿದವನು ಏಳಲಿಲ್ಲ. ಎದೆ ಬಡಿತ ನಿಂತಿದೆ ಎಂದರು ಡಾಕ್ಟರು.

ನಜಮಾ ಇದ್ದತ್ತಿಗೆ, ಗಂಡ ಸತ್ತವಳ ನಾಲ್ಕು ತಿಂಗಳು ಹತ್ತು ದಿನದ ಶೋಕಕ್ಕೆ, ಮನೆಯೊಳಗೆ ಕೂತಳು. ಮಾಸ್ತರರು ಬಂದು ನೀರು ಬಿಡುತ್ತಿದ್ದರು. ಹೊರಗೆ ಒಂದು ದನಿಯಿಲ್ಲ. ಹೆಂಗಸರು ತಲೆ ತಗ್ಗಿಸಿ ಬರುವರು, ತುಂಬಿಕೊಂಡು ಹೋಗುವರು. ಅವನು ಬೇಡಿದ ಮುಂಜಾನೆ ಇದೇ. ಆ ಮೌನವನ್ನು ಅವಳಿಗೆ ತಾಳಲಾಗುತ್ತಿರಲಿಲ್ಲ.

ಇದ್ದತ್ತು ಮುಗಿಯಿತು. ಪಂಚಾಯತಿಯವರು ಗಂಡನ ಕೆಲಸ ಅವಳಿಗೇ ಕೊಟ್ಟರು. ಮೊದಲ ದಿನ ನೀರು ಬಿಡುವ ಕಬ್ಬಿಣದ ಚಾವಿ ಹಿಡಿದು ಕೂಗಿದಳು: "ಇವತ್ತ ವರ್ದಾರ!"

ಹೆಂಗಸರು ತಗ್ಗಿಸಿದ ತಲೆಯಲ್ಲೇ ಕೊಡ ಇಟ್ಟರು. ಆಮೇಲೆ ಅನ್ನಪೂರ್ಣವ್ವ ಸೆರಗು ಸಿಗಿಸಿದಳು.

"ಯಾಕವಾ ನಜಮಾ? ನಿನ್ನೆನೂ ವರ್ದಾರ ಆತಲ್ಲ! ನಾವೇನು ಗಾಳಿ ಕುಡೀಬೇಕೇನು?"

ನಜಮಾ ಗೋಡೆ ಹಿಡಿದು ನಕ್ಕಳು. ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು.

ಈಗಲೂ ದಿನಾ ಮುಂಜಾನೆ ಅವಳು ಚಾವಿ ತಿರುಗಿಸುತ್ತಾಳೆ, ಒಂದು ನದಿಯ ಹೆಸರು ಕೂಗುತ್ತಾಳೆ, ಬೈಗುಳ ಬರುವವರೆಗೆ ಕಾಯುತ್ತಾಳೆ.